ಫ್ರಿಜ್ ಹಿಂದಿನ ಸ್ಟಿಕ್ಕರ್

ಫ್ರಿಜ್ ಸರಿಸಿ ದೂಳು ಒರೆಸ್ತಿದ್ದಾಗ ಹಿಂದೆ ಮಾಸಿದ ಸ್ಟಿಕ್ಕರೊಂದು ಕಂಡಿತು: ‘ಸಿಎಫ್‌ಸಿ ರಹಿತ’. ಸಿಎಫ್‌ಸಿ ಅಂದ್ರೆ ಹಿಂದೆ ಫ್ರಿಜ್ ತಂಪಾಗಿಸೋಕೆ ಬಳಸ್ತಿದ್ದ, ಓಝೋನ್ ಪದರವನ್ನು ಹಾಳುಮಾಡುವ ರಾಸಾಯನಿಕ. ತಕ್ಷಣ ನೆನಪಾದವರು ಮುಸ್ತಫಾ ತೋಲ್ಬಾ.

ಈಜಿಪ್ಟಿನ ಸೂಕ್ಷ್ಮಜೀವಿ ವಿಜ್ಞಾನಿ. 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನಕ್ಕೆ ತಮ್ಮ ದೇಶದ ನಿಯೋಗದ ನೇತೃತ್ವ ವಹಿಸಿ ಹೋದವರು, ಆಮೇಲೆ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಚುಕ್ಕಾಣಿ ಹಿಡಿದು 1992ರವರೆಗೂ ಬಿಡಲಿಲ್ಲ. ಸಿಎಫ್‌ಸಿಗೆ ಕಡಿವಾಣ ಹಾಕುವ ಒಪ್ಪಂದಕ್ಕೆ ದೇಶಗಳನ್ನು ಒಪ್ಪಿಸಿದವರು ಇವರೇ. ಇಂಥ ಅಂತರರಾಷ್ಟ್ರೀಯ ಒಪ್ಪಂದಗಳ ಕರಡಿನಲ್ಲಿ ಒಮ್ಮತವಾಗದ ಮಾತನ್ನೆಲ್ಲ ಚೌಕ ಆವರಣದೊಳಗೆ ಇಡ್ತಾರೆ. ಪುಟದಲ್ಲಿ ಎಷ್ಟು ಆವರಣವೋ ಅಷ್ಟು ಜಗಳ! ತೋಲ್ಬಾ ಮಾಡ್ತಿದ್ದದ್ದು ಇಷ್ಟೇ: ಮುಖ್ಯ ದೇಶಗಳ ಕೆಲವೇ ಮಂದಿಯನ್ನು ಒಟ್ಟಿಗೆ ಕೂರಿಸಿ, ಅನೌಪಚಾರಿಕವಾಗಿ ಮಾತಾಡಿಸಿ, ಆ ಆವರಣಗಳನ್ನು ಒಂದೊಂದಾಗಿ ಅಳಿಸೋದು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಆ ಒಪ್ಪಂದಕ್ಕೆ ಸಹಿ ಬಿತ್ತು. ಬಡ ದೇಶಗಳು ‘ಸಿಎಫ್‌ಸಿ ಬಿಡೋ ಖರ್ಚು ಯಾರು ಕೊಡ್ತಾರೆ’ ಅಂತ ಕೇಳಿದ್ದು ನ್ಯಾಯವೇ. 1990ರಲ್ಲಿ ಲಂಡನ್‌ನಲ್ಲಿ ಅದಕ್ಕೊಂದು ನಿಧಿಯೂ ಒಪ್ಪಿತವಾಯಿತು. ಭಾರತ ಸೇರಿದ್ದು ಅದಾದ ಮೇಲೆ, 1992ರಲ್ಲಿ.

ಓಝೋನ್ ಹೆಸರು ಕೇಳದ ಶಾಲೆ ಮಕ್ಕಳಿಲ್ಲ, ಈ ಮನುಷ್ಯನ ಹೆಸರು ಕೇಳಿದವರನ್ನು ಮಾತ್ರ ನಾನು ಕಂಡಿದ್ದೇ ಕಡಿಮೆ. ಆವರಣ ಅಳಿಸುವವರ ಫೋಟೊ ಯಾರು ತೆಗೀತಾರೆ ಹೇಳಿ.

ಸ್ಟಿಕ್ಕರಿನ ಒಂದು ಮೂಲೆ ಎದ್ದಿತ್ತು. ಹೆಬ್ಬೆರಳಲ್ಲಿ ಒತ್ತಿ ಫ್ರಿಜ್ ಮತ್ತೆ ಗೋಡೆಗೆ ತಳ್ಳಿದೆ.