ಕೋಟೆಯಲ್ಲಿ ನೋಡೋಕೆ ಏನಿದೆ?

ಊರಿಂದ ಯಾರೇ ಬರಲಿ, ಕೆ.ಆರ್. ಮಾರ್ಕೆಟ್ ಎದುರಿನ ಬೆಂಗಳೂರು ಕೋಟೆಗೆ ಕರೆದುಕೊಂಡು ಹೋಗುವುದು ನನ್ನ ಚಾಳಿ. ಹೊರಡುವಾಗಲೇ ಎಲ್ಲರದೂ ಒಂದೇ ಪ್ರಶ್ನೆ: "ಅಲ್ಲಿ ನೋಡೋಕೆ ಏನಿದೆ?"

ಹಾಸನದ ಚಿಕ್ಕಮ್ಮ ಬಂದಾಗ ನೇರ ಕೋಟೆ ಬಾಗಿಲಿಗೇ ಕರೆದೊಯ್ದೆ. ಒಳಗೆ ಒಂದು ಸುತ್ತು ಹಾಕಿದರು, ಗಣಪತಿಗೆ ಕೈಮುಗಿದರು, "ಇಷ್ಟೇನಾ?" ಅಂದರು. ರಾತ್ರಿ ಊಟಕ್ಕೆ ಕೂತಾಗ ಅಲ್ಲಿ ನಡೆದ ಯುದ್ಧದ ಕಥೆ ಹೇಳಿದೆ. "ಅಯ್ಯೋ, ಇದನ್ನ ಅಲ್ಲೇ ಹೇಳೋದಲ್ವಾ?" ಅಂತ ಬೈದರು. ತಪ್ಪು ನನ್ನದೇ.

ಹೈದರಾಲಿ 1761ರಲ್ಲಿ ಕಲ್ಲಿನಿಂದ ಕಟ್ಟಿಸಿದ ಕೋಟೆಯಲ್ಲಿ ಈಗ ಉಳಿದಿರುವುದು ದೆಹಲಿ ಬಾಗಿಲು, ಅದರ ಆಸುಪಾಸಿನ ಗೋಡೆ, ಅಷ್ಟೇ. ಟಿಪ್ಪು ಬೇಸಿಗೆ ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನ, ವಾಣಿ ವಿಲಾಸ ಆಸ್ಪತ್ರೆಯ ಜಾಗ ಎಲ್ಲವೂ ಒಂದು ಕಾಲಕ್ಕೆ ಕೋಟೆಯ ಒಳಗೇ ಇದ್ದವು.

ಹಾಗಾಗಿ ಈಗ ನನ್ನ ಉತ್ತರ ಬೇರೆ. ಕೋಟೆಯಿಂದ ಶುರು ಮಾಡಬೇಡಿ. ಹಲಸೂರು ಗೇಟಿನಿಂದ ನಡೆಯಿರಿ.

ಈಗ ಅಲ್ಲಿ ಗೇಟಿಲ್ಲ, ಹೆಸರು ಮಾತ್ರ ಉಳಿದಿದೆ. ಆಗ ಅದು ಪೇಟೆಯ ಬಾಗಿಲು. 1791ರ ಮಾರ್ಚ್ 7ರಂದು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಇದನ್ನು ಒಡೆದು ಒಳನುಗ್ಗಿತು. ಹತ್ತು ವರ್ಷ ಹಿಂದೆ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದನಲ್ಲ, ಅದೇ ಕಾರ್ನ್‌ವಾಲಿಸ್. ಮೂರ್‌ಹೌಸ್ ಎಂಬ ಅವನ ಅಧಿಕಾರಿ ಬಾಗಿಲಲ್ಲೇ ಸತ್ತ. ಅವತ್ತೇ ಟಿಪ್ಪುವಿನ ಸೈನಿಕರು ಪೇಟೆಯನ್ನು ವಾಪಸ್ ಪಡೆಯಲು ನುಗ್ಗಿದರು. ಬೀದಿ ಬೀದಿಯಲ್ಲಿ ಹೊಡೆದಾಟ ಆಯಿತು, ಪೇಟೆ ಮಾತ್ರ ದಕ್ಕಲಿಲ್ಲ. ನಗರ್ತಪೇಟೆ, ಅವೆನ್ಯೂ ರಸ್ತೆಯ ಇಕ್ಕಟ್ಟಿನಲ್ಲಿ ಕೈಗಾಡಿಗೆ ದಾರಿ ಬಿಡುತ್ತಾ ನಡೆಯುವಾಗ ಇದು ನೆನಪಿರಲಿ.

ಅಲ್ಲಿಂದ ಮಾರ್ಕೆಟ್ಟು. ಇದರ ಹಳೇ ಹೆಸರು ಸಿದ್ದಿಕಟ್ಟೆ. ಪೇಟೆಗೂ ಕೋಟೆಗೂ ನಡುವಿನ ಜಾಗ ಇದು. ಬ್ರಿಟಿಷರಿಗೆ ಇಷ್ಟು ದೂರ ದಾಟಲು ಎರಡು ವಾರ ಬೇಕಾಯಿತು. ಫಿರಂಗಿ ಹೊಡೆದೂ ಹೊಡೆದೂ ಗೋಡೆ ಕೆಡವಿ, ಮಾರ್ಚ್ 21ರ ರಾತ್ರಿ ಬೆಳದಿಂಗಳಲ್ಲಿ ಲಗ್ಗೆ ಹಾಕಿದರು. ಟಿಪ್ಪು ಸೈನ್ಯದೊಂದಿಗೆ ಹತ್ತಿರದಲ್ಲೇ ಇದ್ದ, ಆದರೂ ಕೋಟೆ ಉಳಿಸಿಕೊಳ್ಳಲಾಗಲಿಲ್ಲ. ಕೋಟೆಯ ಮುಖ್ಯಸ್ಥ, ಅಂದರೆ ಕಿಲ್ಲೇದಾರ, ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತ. ಟಿಪ್ಪುವಿನ ಬೇಸಿಗೆ ಅರಮನೆಯ ಕೆಲಸ ಮುಗಿದದ್ದೂ ಅದೇ 1791ರಲ್ಲಿ!

ಈಗ ಕೋಟೆ ಗೋಡೆಯಲ್ಲಿರುವ ಫಲಕ ಹುಡುಕಿ. 1791ರ ಮಾರ್ಚ್ 21ರಂದು ಬ್ರಿಟಿಷರು ಈ ಒಡಕಿನ ಮೂಲಕ ಲಗ್ಗೆ ಹಾಕಿದರು ಎಂದು ಅದರಲ್ಲಿ ಇಂಗ್ಲಿಷಿನಲ್ಲಿದೆ. ಬಹಾದೂರ್ ಖಾನನ ಹೆಸರಿಲ್ಲ. ನನಗೆ ಪ್ರತಿಸಲ ಚುಚ್ಚುವುದು ಇದೇ. ಈ ಯುದ್ಧದಲ್ಲಿ ಸತ್ತ ಬ್ರಿಟಿಷರಿಗೆ ಹಡ್ಸನ್ ಸರ್ಕಲ್ ಹತ್ತಿರ ಒಂದು ಸ್ಮಾರಕ ಕಂಬವೂ (ಇಂಗ್ಲಿಷಿನಲ್ಲಿ ಸೆನೊಟಾಫ್) ಇತ್ತು. ಈಗಿನ ನೃಪತುಂಗ ರಸ್ತೆಗೆ ಆಗ ಅದರಿಂದಲೇ ಸೆನೊಟಾಫ್ ರಸ್ತೆ ಅಂತ ಹೆಸರು. 1964ರಲ್ಲಿ ಕಂಬ ತೆಗೆದರು. ಫಲಕವನ್ನು ತೆಗೆಯಬೇಕು ಅಂತ ನಾನು ಹೇಳುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಹಾಕಿದರೆ ಸಾಕು.

ಕೋಟೆ ಬಿದ್ದ ಮುಂದಿನ ವರ್ಷ, 1792ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಆ ಕಥೆಗೆ ಶ್ರೀರಂಗಪಟ್ಟಣಕ್ಕೇ ಹೋಗಬೇಕು, ಅದಕ್ಕೆ ಇಡೀ ದಿನ ಬೇಕು.

ಇಲ್ಲಿಗಾದರೆ ಬೆಳಗಿನ ಹೊತ್ತು ಸಾಕು. ಸೆಲ್ಫಿ ತೆಗೆಯಬಹುದಾ ಅಂತಲೂ ಕೇಳುತ್ತಾರೆ. ಧಾರಾಳವಾಗಿ ತೆಗೆಯಿರಿ, ಆದರೆ ಗೋಡೆ ಹತ್ತಬೇಡಿ. ಚಿಕ್ಕಮ್ಮ ದೀಪಾವಳಿಗೆ ಮತ್ತೆ ಬರುತ್ತಾರಂತೆ. ಈ ಸಲ ಹಲಸೂರು ಗೇಟಿನಿಂದಲೇ ನಡೆಸುತ್ತೇನೆ, ಮಂಡಿನೋವು ಅಂದರೂ ಬಿಡುವುದಿಲ್ಲ.