ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕನ್: ಹೊರಗೆ ನಿಂತವನ ಮೇಲೂ ಕಣ್ಣಿರಲಿ

ಜುಲೈನಲ್ಲಿ ಮಳೆಗೆಂದು ಡಿಸಿ ಶಾಲೆಗಳಿಗೆ ರಜೆ ಕೊಟ್ಟ ದಿನ, ಕೊಡಗಿನ ಮನೆಯಲ್ಲಿ ಹಳೆಯ ಪಿಎಸ್3 ಗೇಮ್ ಕನ್ಸೋಲ್ ಒಂದಿದ್ದರೆ ಹಾಕಬೇಕಾದ ಡಿಸ್ಕ್ ಇದು. ಹೆಸರಿನ ನಡುವಿನ ಎಕ್ಸ್ ಅಕ್ಷರವನ್ನು ‘ಕ್ರಾಸ್’ ಎಂದು ಓದಬೇಕು. 2012ರ ಮಾರ್ಚ್‌ನಲ್ಲಿ ಕ್ಯಾಪ್ಕಾಮ್ ಕಂಪನಿ ತಂದ ಬಡಿದಾಟದ ವಿಡಿಯೊ ಗೇಮ್. ತನ್ನ ರ್ಯೂ, ಕೆನ್, ಚುನ್‌ಲಿ ಎಂಬ ಸ್ಟ್ರೀಟ್ ಫೈಟರ್ ಪಾತ್ರಗಳ ಎದುರಿಗೆ ನಾಮ್ಕೊ ಕಂಪನಿಯ ಟೆಕ್ಕನ್ ಆಟದ ಕಝುಯಾ, ನೀನಾ, ಕಿಂಗ್‌ರನ್ನು ನಿಲ್ಲಿಸಿತು. ಅತ್ತಕಡೆಯಿಂದ ನಾಮ್ಕೊ ಮಾಡಬೇಕಿದ್ದ ‘ಟೆಕ್ಕನ್ ಕ್ರಾಸ್ ಸ್ಟ್ರೀಟ್ ಫೈಟರ್’ ಬರಲೇ ಇಲ್ಲ. ಹಾಗಾಗಿ ಜಗಳವೆಲ್ಲ ಸ್ಟ್ರೀಟ್ ಫೈಟರ್ ಅಂಗಳದಲ್ಲೇ, ಅದರದೇ ಕಾನೂನಿನಂತೆ.

ಟೆಕ್ಕನ್ ಆಡಿ ಬಂದವರು ಮೊದಲ ದಿನ ಪೆಟ್ಟು ತಿನ್ನುವುದಕ್ಕೆ ಕಾರಣ ಒಂದೇ. ಟೆಕ್ಕನ್‌ನಲ್ಲಿ ಏನೂ ಒತ್ತದೆ ಸುಮ್ಮನೆ ನಿಂತರೂ ಮೇಲಿನ, ನಡುವಿನ ಏಟುಗಳಿಗೆ ಬ್ಲಾಕ್ (ತಡೆ) ತಾನಾಗಿ ಬೀಳುತ್ತದೆ. ಇಲ್ಲಿ ಹಿಂದಕ್ಕೆ ಒತ್ತಿ ಹಿಡಿಯದಿದ್ದರೆ ಬ್ಲಾಕ್ ಇಲ್ಲ. ಬೇಕೆಂದಾಗ ಪಕ್ಕಕ್ಕೆ ಸರಿಯುವಂತೆಯೂ ಇಲ್ಲ. ಹಡೋಕೆನ್ (ದೂರದಿಂದ ಎಸೆಯುವ ಶಕ್ತಿಯ ಉಂಡೆ) ಬಂದರೆ ಹಾರಬೇಕು, ಇಲ್ಲವೇ ತಡೆಯಬೇಕು.

ಸ್ಟ್ರೀಟ್ ಫೈಟರ್‌ನವರು ಸೋಲುವ ಕಾರಣ ಬೇರೆ: ಅವರು ಒಬ್ಬನನ್ನೇ ಆಡುತ್ತಾರೆ. ತಂಡದಲ್ಲಿರುವುದು ಇಬ್ಬರು, ಆದರೆ ಇಬ್ಬರಲ್ಲಿ ಯಾರೊಬ್ಬ ಬಿದ್ದರೂ ರೌಂಡ್ ಅಲ್ಲಿಗೇ ಮುಗಿಯಿತು. ಕೆನ್ ಪೂರ್ತಿ ಜೀವದಲ್ಲಿ ಹೊರಗೆ ನಿಂತಿದ್ದರೂ ರ್ಯೂ ಸತ್ತರೆ ಸೋಲೇ. ಏಟು ತಿಂದಾಗ ಜೀವ ತೋರಿಸುವ ಬಾರ್‌ನಲ್ಲಿ ಬೇರೆ ಬಣ್ಣದಲ್ಲಿ ಉಳಿಯುವ ಭಾಗ, ಆ ಫೈಟರ್ ಹೊರಗೆ ಹೋದರೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಆದ್ದರಿಂದ ಅರ್ಧ ಜೀವ ಹೋಗುವ ಮೊದಲೇ ಬದಲಾಯಿಸುವುದು ಲೇಸು. (99 ಸೆಕೆಂಡು ಮುಗಿದರೂ ಯಾರೂ ಬೀಳುವುದಿಲ್ಲ ಎಂಬ ದೂರು ಬಂದಿದ್ದು ಇದರಿಂದಲೇ. 2013ರ ಅಪ್‌ಡೇಟ್ ಈ ಚೇತರಿಕೆಯನ್ನು ಕಡಿಮೆ ಮಾಡಿತು. ಡಿಸ್ಕ್ ಹಾಕಿದ ಮೇಲೆ ಅದನ್ನು ಇಳಿಸಿಕೊಂಡೇ ಆಡಿ.)

ಬದಲಾಯಿಸುವುದು ಮೀಡಿಯಂ ಪಂಚ್, ಮೀಡಿಯಂ ಕಿಕ್ ಎರಡನ್ನೂ ಒಟ್ಟಿಗೆ ಒತ್ತಿ. ಗಾಬರಿಯಲ್ಲಿ ಎರಡು ಬೆರಳು ಒಟ್ಟಿಗೆ ಬೀಳುವುದಿಲ್ಲ. ಮೀಡಿಯಂ ಕಿಕ್ ಮಾತ್ರ ಹೋಗುತ್ತದೆ, ಎದುರಾಳಿ ಹೊಡೆಯುತ್ತಾನೆ. ಬಟನ್ ಸೆಟಿಂಗ್‌ನಲ್ಲಿ ಕಂಟ್ರೋಲರ್‌ನ ಎಲ್1 ಅಥವಾ ಎಲ್2 ಬಟನ್ ಒಂದನ್ನು ಇದಕ್ಕೇ ಮೀಸಲಿಡಿ. ಎದುರಾಳಿ ಹತ್ತಿರದಲ್ಲೇ ನಿಂತಿರುವಾಗ ಬರಿದೇ ಟ್ಯಾಗ್ (ಈ ಬದಲಾವಣೆ) ಮಾಡಬೇಡಿ, ಒಳಗೆ ಬರುವವನಿಗೆ ಏಟು ಖಂಡಿತ. ಎದುರಾಳಿಯನ್ನು ಕೆಡವಿದ ಮೇಲೆ ಮಾಡಿ.

ಎಲ್ಲರೂ ಮೊದಲು ಕಲಿಯುವುದು ಲೈಟ್, ಮೀಡಿಯಂ, ಹೆವಿ, ಮತ್ತೆ ಹೆವಿ ಎಂದು ಸಾಲಾಗಿ ನಾಲ್ಕು ಏಟು. ನಾಲ್ಕನೆಯದು ಎದುರಾಳಿಯನ್ನು ಮೇಲಕ್ಕೆ ಎತ್ತುತ್ತದೆ, ಜೊತೆಗಾರ ತಾನಾಗಿ ಒಳಗೆ ಬಂದು ಗಾಳಿಯಲ್ಲೇ ಹೊಡೆಯಬಹುದು. ನೋಡಲು ಚಂದ. ಎದುರಾಳಿ ಬ್ಲಾಕ್ ಮಾಡಿದ್ದರೆ ಮಾತ್ರ, ಒಳಗೆ ಬಂದ ಜೊತೆಗಾರ ಕೈಕಟ್ಟಿ ನಿಂತಂತೆ ಸಿಕ್ಕಿಬೀಳುತ್ತಾನೆ. ಮೀಡಿಯಂ ತಗುಲುವಾಗಲೇ ನೋಡಬೇಕು: ಬ್ಲಾಕ್ ಆಯಿತೆ, ಅಲ್ಲಿಗೇ ಕೈ ನಿಲ್ಲಿಸಿ. ಟ್ರೈನಿಂಗ್ ಮೋಡ್‌ನಲ್ಲಿ ಡಮ್ಮಿಯ ಬ್ಲಾಕನ್ನು ರ‍್ಯಾಂಡಮ್‌ಗೆ ಹಾಕಿ ಅರ್ಧ ಗಂಟೆ ಇದೊಂದನ್ನೇ ಮಾಡಿದರೆ ಉಳಿದದ್ದೆಲ್ಲ ಸಲೀಸು.

ಪರದೆಯ ಕೆಳಗೆ, ಆಡುತ್ತಾ ತುಂಬುವ ಗೇಜ್‌ನಲ್ಲಿ ಮೂರು ಕಟ್ಟು. ಇಎಕ್ಸ್ ಎಂಬ ಬಲಪಡಿಸಿದ ಏಟಿಗೆ 1, ಅದಕ್ಕಿಂತ ದೊಡ್ಡ ಸೂಪರ್ ಆರ್ಟ್‌ಗೆ 2, ಇಬ್ಬರೂ ಸೇರಿ ಹೊಡೆಯುವ ಕ್ರಾಸ್ ಆರ್ಟ್‌ಗೆ 3. ಹೊಸಬರು ಮೂರೂ ತುಂಬಲಿ ಎಂದು ಕಾಯುತ್ತಾ ಅಷ್ಟರಲ್ಲಿ ಸೋತಿರುತ್ತಾರೆ. ಶೊರ್ಯುಕೆನ್ (ಮೇಲಕ್ಕೆ ಹಾರಿ ಹೊಡೆಯುವ ಗುದ್ದು) ತಗುಲಿದೊಡನೆ ಟ್ಯಾಗ್ ಒತ್ತಿ 1 ಕಟ್ಟು ಖರ್ಚು ಮಾಡಿದರೆ ಜೊತೆಗಾರ ಬಂದು ಏಟು ಮುಂದುವರಿಸುತ್ತಾನೆ, ಮೊದಲಿನವನು ಹೊರಗೆ ಚೇತರಿಸಿಕೊಳ್ಳುತ್ತಾನೆ. ಲೆಕ್ಕದಲ್ಲಿ ಇದೇ ಲಾಭ. ಜೀವ ಕಾಲು ಭಾಗಕ್ಕಿಂತ ಕೆಳಗಿಳಿದಾಗ ಜೊತೆಗಾರನನ್ನು ಬಲಿಕೊಟ್ಟು ಪಡೆಯುವ ಪಂಡೋರಾ ಎಂಬ ಹೆಚ್ಚುವರಿ ಬಲ, ಕೆಲವೇ ಸೆಕೆಂಡಿನಲ್ಲಿ ಎದುರಾಳಿಯನ್ನು ಕೆಡವದಿದ್ದರೆ ನಿಮ್ಮನ್ನೇ ಸೋಲಿಸುತ್ತದೆ. ಜೂಜು, ಅಷ್ಟೇ. ಫೈಟರ್‌ಗೆ ಸಣ್ಣಪುಟ್ಟ ಬಲ ಕೊಡುವ ಜೆಮ್‌ಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ.

ಇನ್ನು ಕರೆಂಟು. ಇನ್ವರ್ಟರ್ ಹಿಂದೆ ಯುಪಿಎಸ್, ನಾರ್ಮಲ್ ಎಂದು ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವುದು ನಿಧಾನ, ಕನ್ಸೋಲ್ ಆಫ್ ಆಗಿಬಿಡಬಹುದು. ಮತ್ತೆ ಹಾಕಿದಾಗ ಪಿಎಸ್3 ಹಾರ್ಡ್ ಡಿಸ್ಕ್ ತಪಾಸಣೆಗೆ ಕೂರುತ್ತದೆ. ಯುಪಿಎಸ್‌ನಲ್ಲಿ ಆ ತೊಂದರೆ ಇಲ್ಲ, ಆದರೆ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಕರೆಂಟ್ ಇದ್ದರೂ ಬ್ಯಾಟರಿಗೆ ಹಾರುತ್ತದೆ. ತೋಟದ ನಡುವಿನ ಲೈನಿನಲ್ಲಿ ಮಳೆಗಾಲದ ಸಂಜೆ ಇದು ಮಾಮೂಲು. ಆಟ ಮುಗಿಯುವಷ್ಟರಲ್ಲಿ ದೀಪಕ್ಕೂ ಬ್ಯಾಟರಿ ಇರುವುದಿಲ್ಲ. ಕನ್ಸೋಲ್, ಟಿವಿ ಸೇರಿ 150 ವ್ಯಾಟ್ ಎಂದಿಟ್ಟುಕೊಂಡರೆ 150 ಎಎಚ್ ಬ್ಯಾಟರಿ ಐದಾರು ಗಂಟೆ ಎಳೆದೀತು, ಹಳೆಯದಾದರೆ ಅಷ್ಟೂ ಇಲ್ಲ. ಕಂಟ್ರೋಲರ್‌ಗಳನ್ನು ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಬಲ್ಬ್ ಉರಿಸುವ ಅಲ್ಮೇರಾದಲ್ಲೇ ಇಡಿ, ಬಲ್ಬಿನಿಂದ ದೂರ.

ಟಿವಿಯನ್ನು ಗೇಮ್ ಮೋಡ್‌ಗೆ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಒತ್ತಿದ್ದು ಪರದೆಯಲ್ಲಿ ತಡವಾಗಿ ಕಾಣುತ್ತದೆ. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುವ ಆಟದಲ್ಲಿ 100 ಮಿಲಿಸೆಕೆಂಡ್ ತಡ ಎಂದರೆ 6 ಫ್ರೇಮ್. ಆಗ ಹಾರಿ ಬರುವವನಿಗೆ ಶೊರ್ಯುಕೆನ್ ಕೊಡುವುದು ಆಗದ ಮಾತು.

ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವವರು ಗಮನಿಸಿ: ಡಿಸ್ಕ್‌ನೊಳಗೇ ಇದ್ದರೂ ಬೀಗ ಹಾಕಿ ಪ್ರತ್ಯೇಕ ಮಾರಿದ 12 ಫೈಟರ್‌ಗಳು ಹಳೆಯ ಮಾಲೀಕನ ಅಕೌಂಟಿಗೆ ಸೇರಿದವು, ನಿಮಗೆ ಬರುವುದಿಲ್ಲ. ನಾಲ್ಕು ಕಂಟ್ರೋಲರ್ ಇದ್ದರೆ ಸ್ಕ್ರ್ಯಾಂಬಲ್ ಮೋಡ್ ಹಾಕಿ, ನಾಲ್ವರೂ ಒಂದೇ ಪರದೆಯಲ್ಲಿ ಒಟ್ಟಿಗೆ ಬಡಿದಾಡಬಹುದು. ಮೇಲೆ ಬರೆದ ಯಾವ ಲೆಕ್ಕವೂ ಅಲ್ಲಿ ನಡೆಯುವುದಿಲ್ಲ.