ಗಟ್ ಸರಿಯುತ್ತಿದ್ದರೆ ಪೌಂಡ್ಸ್ ಏರಿಸುವ ಮುಂಚೆ ಕ್ಲ್ಯಾಂಪ್ ನೋಡಿ

"ಅಣ್ಣಾ, ನಿನ್ನೆ ಹಾಕಿಸಿದ ಗಟ್ ಸರೀತಾ ಇದೆ."

ಬ್ಯಾಡ್ಮಿಂಟನ್ ಟೂರ್ನಿಯ ಎರಡನೇ ದಿನ ನಾನು ಗಟ್ ಹಾಕುವ ಕೌಂಟರ್ ಮೇಲೆ ರ‍್ಯಾಕೆಟ್ ಇಟ್ಟು ಡಬಲ್ಸ್ ಹುಡುಗ ಹೇಳಿದ. 0.65 ಮಿ.ಮೀ. ದಪ್ಪದ ಗಟ್, 24-26 (ಮೇನ್ ಅಂದರೆ ಉದ್ದಕ್ಕೆ ಹೋಗುವ ಗಟ್‌ಗೆ 24 ಪೌಂಡ್ ಬಿಗು, ಕ್ರಾಸ್ ಅಂದರೆ ಅಡ್ಡ ಗಟ್‌ಗೆ 26), ಆಡಿದ್ದು ಒಂದೇ ಮ್ಯಾಚ್. ನಡುವಿನ ಆರು ಮೇನ್‌ಗಳು ಅಂಕುಡೊಂಕಾಗಿದ್ದವು. ಬೆರಳಲ್ಲಿ ತಳ್ಳಿದರೆ ಸರಿಯುತ್ತವೆ, ತಾವಾಗಿ ವಾಪಸ್ ಬರುವುದಿಲ್ಲ. ಅವನ ಮುಂದಿನ ಮ್ಯಾಚ್‌ಗೆ 50 ನಿಮಿಷ ಇತ್ತು. "ಎರಡು ಪೌಂಡ್ ಏರಿಸಿ ಹಾಕ್ತೀನಪ್ಪ, ನಿಲ್ಲುತ್ತೆ" ಅಂದೆ. ಆ ಉತ್ತರ ತಪ್ಪು. ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಯಾಕೆ ಹಾಗೆ ಅಂದೆ ಎಂದರೆ, ಅವತ್ತು ಬೆಳಗ್ಗೆ ತೂಕದ ಸ್ಕೇಲ್ ಸಿಕ್ಕಿಸಿ ಗಟ್ ಎಳೆಯುವ ಮೆಷಿನ್ ಪರೀಕ್ಷಿಸಿದ್ದೆ. 24 ಪೌಂಡ್‌ಗೆ ಇಟ್ಟರೆ 10.9 ಕೆ.ಜಿ. ತೋರಿಸಿತ್ತು, ಸರಿಯಾಗಿಯೇ ಇತ್ತು. ಮೆಷಿನ್ ಸರಿ ಇದ್ದ ಮೇಲೆ ತಪ್ಪು ಗಟ್‌ನದ್ದೋ ಆಟಗಾರನ ಸ್ಲೈಸ್‌ನದ್ದೋ (ಷಟಲ್ ಅನ್ನು ಓರೆಯಾಗಿ ಸವರುವ ಹೊಡೆತ) ಇರಬೇಕು ಎಂದು ತೀರ್ಮಾನಿಸಿದೆ. ಆದರೆ ಸ್ಕೇಲ್ ಅಳೆಯುವುದು ಮೆಷಿನ್ ಎಳೆಯುವ ಬಲವನ್ನು ಮಾತ್ರ. ಕ್ಲ್ಯಾಂಪ್ (ಎಳೆದ ಗಟ್ಟನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿಯುವ ಇಕ್ಕಳ) ಹಾಕಿ ಎಳೆತ ಬಿಟ್ಟ ಮೇಲೆ ಫ್ರೇಮ್‌ನೊಳಗೆ ಎಷ್ಟು ಉಳಿಯಿತು ಅನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಹಳೇ ಗಟ್ ಕತ್ತರಿಸಿ 26-28ಕ್ಕೆ ಹೊಸದು ಶುರು ಮಾಡಿದೆ. 22 ಮೇನ್ ಮುಗಿದು, ಕ್ರಾಸ್ ಹನ್ನೆರಡನೆಯದಕ್ಕೆ ಬಂದಾಗ ಕ್ಲ್ಯಾಂಪ್ ಹಲ್ಲಿನ ಪಕ್ಕ ಬಿಳಿ ಪುಡಿ ಕಂಡಿತು. ಎಳೆತ ಬಿಟ್ಟಾಗ ಸಣ್ಣದಾಗಿ ಟಿಕ್ ಅನ್ನುವ ಸದ್ದು, ಗಟ್ ಹಲ್ಲಿನ ನಡುವಿನಿಂದ ಕೂದಲೆಳೆಯಷ್ಟು ಹಿಂದಕ್ಕೆ. ಮುಂದಿನ ಕ್ರಾಸ್‌ನಲ್ಲೂ ಅದೇ. ಆಗ ಉಳಿದಿದ್ದು 20 ನಿಮಿಷ. ಮುಗಿಸಿ ಇಳಿಸಿ ಅಳೆದರೆ ಫ್ರೇಮ್‌ನ ತಲೆ ಉದ್ದದಲ್ಲಿ 3 ಮಿ.ಮೀ. ಕುಗ್ಗಿತ್ತು. ಆ ಸ್ಥಿತಿಯ ರ‍್ಯಾಕೆಟ್ ಕೊಟ್ಟು ಕಳಿಸುವಂತಿಲ್ಲ. ನಡುವಿನಿಂದ ಅಂಚಿನ ಕಡೆಗೆ, ಒಂದು ಮೇನ್ ಒಂದು ಕ್ರಾಸ್ ಎಂದು ಬೇಗ ಬೇಗ ಕತ್ತರಿಸಿ ಫ್ರೇಮ್ ಉಳಿಸಿಕೊಂಡೆ. ಹುಡುಗ ಪಾರ್ಟ್‌ನರ್‌ನ ಸ್ಪೇರ್ ರ‍್ಯಾಕೆಟ್ ಹಿಡಿದು ಕೋರ್ಟಿಗೆ ಇಳಿದ.

ಕಾರಣ ಇಷ್ಟೆ. ಕ್ಲ್ಯಾಂಪ್‌ನ ತಿರುಪು 0.70 ಗಟ್‌ನ ದಪ್ಪಕ್ಕೆ ಹೊಂದಿಸಿದ್ದಾಗಿತ್ತು. ಅಂಗಡಿಗೆ ಹೆಚ್ಚು ಬರುವುದು ಯೋನೆಕ್ಸ್ ಕಂಪನಿಯ ಬಿಜಿ 65 ಗಟ್, ಅದು 0.70. ಮಧ್ಯೆ 0.65ರ ಬಿಜಿ 66 ಅಲ್ಟಿಮ್ಯಾಕ್ಸ್ ಬಂದರೆ ಅದೇ ತಿರುಪಿನಲ್ಲಿ ಹಿಡಿತ ಸಡಿಲ. ಜೊತೆಗೆ ಗಟ್‌ನ ಮೇಲ್ಪದರ ಉದುರಿ ಹಲ್ಲಿನಲ್ಲಿ ಮೆತ್ತಿಕೊಂಡರೆ ಗಾಜಿನಂತೆ ನುಣುಪು. ಪೌಂಡ್ಸ್ ಏರಿಸಿದಷ್ಟೂ ಹೆಚ್ಚು ಜಾರುತ್ತದೆ, ಕಡಿಮೆ ಅಲ್ಲ.

ಇದರಲ್ಲಿ ಗಮನಿಸಬೇಕಾದ್ದು: ಒಂದೇ ಅಳತೆಯ ಜಾರಿಕೆ ಮೇನ್‌ಗಿಂತ ಕ್ರಾಸ್‌ಗೆ ಹೆಚ್ಚು ನಷ್ಟ ಮಾಡುತ್ತದೆ. ಕ್ರಾಸ್ ಗಿಡ್ಡ. ಗಿಡ್ಡ ಗಟ್ ಒಂದು ಮಿಲಿಮೀಟರ್ ಹಿಂದೆ ಬಂದರೆ ಅದರ ಒಟ್ಟು ಹಿಗ್ಗಿನಲ್ಲಿ ದೊಡ್ಡ ಪಾಲೇ ಹೋಯಿತು. ನಾವು ಕ್ರಾಸ್‌ಗೆ 2 ಪೌಂಡ್ ಹೆಚ್ಚು ಇಡುವುದೇ ಮೇನ್‌ಗಳು ಕುಗ್ಗಿಸಿದ ಫ್ರೇಮನ್ನು ಮತ್ತೆ ಆಕಾರಕ್ಕೆ ತರಲಿಕ್ಕೆ, ಮೇನ್‌ಗಳನ್ನು ಒತ್ತಿ ಹಿಡಿಯಲಿಕ್ಕೆ. ಆ 2 ಪೌಂಡ್ ಕ್ಲ್ಯಾಂಪ್‌ನಲ್ಲೇ ಸೋರಿಹೋದರೆ ಬಿಗಿ ಮೇನ್, ಸಡಿಲ ಕ್ರಾಸ್. ಫ್ರೇಮ್ ಗಿಡ್ಡವಾಗಿ ಅಗಲ ಆಗುತ್ತದೆ. ಕ್ರಾಸ್‌ನ ಹಿಡಿತ ಇಲ್ಲದ ಮೇನ್ ಸ್ಲೈಸ್ ಹೊಡೆದಾಗಲೆಲ್ಲ ಪಕ್ಕಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ.

ಕಿವಿಯೂ ಮೋಸ ಮಾಡಿತ್ತು. ತಟ್ಟಿ ನೋಡಿದಾಗ ಸದ್ದು ಟಣ್ ಎಂದೇ ಬಂದಿತ್ತು, ಮೇನ್‌ಗಳು ಬಿಗಿ ಇದ್ದವಲ್ಲ. ಸದ್ದಿನ ಲೆಕ್ಕ ಗೊತ್ತಿರಲಿ: ಕಂಪನಸಂಖ್ಯೆ ಬಿಗುವಿನ ವರ್ಗಮೂಲಕ್ಕೆ ಅನುಗುಣ. ಬಿಗು 10% ಇಳಿದರೆ ಸದ್ದು ಇಳಿಯುವುದು 5%ರಷ್ಟು ಮಾತ್ರ. ಫೋನಿನ ಆ್ಯಪ್‌ನಲ್ಲಿ 1,150 ಹರ್ಟ್ಸ್ ತೋರಿಸಿದ್ದು 1,090ರ ಆಸುಪಾಸಿಗೆ ಬರುತ್ತದೆ. ಸಂಗೀತ ಬಲ್ಲವರಿಗೆ ಹೇಳುವುದಾದರೆ, ಷಡ್ಜದಿಂದ ಕೆಳಗಿನ ಕಾಕಲಿ ನಿಷಾದಕ್ಕೆ ಇಳಿಯುವುದಕ್ಕಿಂತ ಸ್ವಲ್ಪ ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸವನ್ನು ಟೂರ್ನಿಯ ಗದ್ದಲದಲ್ಲಿ ಕಿವಿಯಿಂದ ಹಿಡಿಯಲು ಹೋಗಬಾರದು. ಹೊಸ ಗಟ್ ಮೊದಲ ದಿನವೇ ಸ್ವಲ್ಪ ಇಳಿಯುವುದು ಸಹಜ. ಅದನ್ನೂ ಇದರ ಜೊತೆ ಬೆರೆಸಿ ಗೊಂದಲ ಮಾಡಿಕೊಳ್ಳಬಾರದು.

ಜಾರಿಕೆ ಹಿಡಿಯಲು ಬೇಕಾಗುವುದು ಒಂದು ಮಾರ್ಕರ್ ಪೆನ್ನು. ಕ್ಲ್ಯಾಂಪ್ ಹಾಕಿದ ಮೇಲೆ, ಎಳೆತ ಬಿಡುವ ಮುಂಚೆ, ಹಲ್ಲಿಗೆ ತಾಗಿದಂತೆ ಗಟ್ ಮೇಲೆ ಚುಕ್ಕಿ ಇಡಿ. ಎಳೆತ ಬಿಡಿ. ಚುಕ್ಕಿ ಹಲ್ಲಿನಿಂದ ದೂರ ಸರಿದರೆ ಅಥವಾ ಹಲ್ಲಿನೊಳಗೆ ಹೋದರೆ ಗಟ್ ಜಾರುತ್ತಿದೆ. ಚುಕ್ಕಿ ಹಲ್ಲಿನ ಪಕ್ಕದಲ್ಲೇ ಇದ್ದು ಇಡೀ ಕ್ಲ್ಯಾಂಪ್ ವಾಲಿದರೆ ಬುಡದ ಬೀಗ ಸಡಿಲ. ಎರಡಕ್ಕೂ ಔಷಧಿ ಬೇರೆ. ಮೊದಲನೆಯದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಟೂತ್‌ಬ್ರಶ್‌ನಿಂದ ಹಲ್ಲು ತಿಕ್ಕಿ, ಒಣಗಿದ ಮೇಲೆ ತಿರುಪನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಪ್ರತಿಸಲವೂ ಚುಕ್ಕಿ ನೋಡಬೇಕು. ಒಮ್ಮೆಲೇ ಬಿಗಿದರೆ ಗಟ್ ಜಜ್ಜಿಹೋಗಿ ಮೇಲ್ಪದರದ ಮೇಲೆ ಬಿಳಿ ಗುರುತು ಬೀಳುತ್ತದೆ, ತುಂಡಾಗುವುದೂ ಅಲ್ಲೇ. ಎರಡನೆಯದಕ್ಕೆ ಬುಡದ ಹಳಿ ಒರೆಸಿ ಲಿವರ್ ಹೊಂದಿಸಬೇಕು.

ಕ್ರಾಸ್ ಸಡಿಲಾಗಲು ಇನ್ನೊಂದು ದಾರಿಯಿದೆ, ಅದು ಕೈಯ ತಪ್ಪು. ಹೆಣೆದ ಕ್ರಾಸ್ ಬಿಲ್ಲಿನಂತೆ ಬಾಗಿರುತ್ತದೆ. ಎಳೆತ ಇರುವಾಗಲೇ ಬೆರಳಿಂದ ನೇರ ಮಾಡಿ ಆಮೇಲೆ ಕ್ಲ್ಯಾಂಪ್ ಹಾಕಬೇಕು. ಕ್ಲ್ಯಾಂಪ್ ಹಾಕಿದ ಮೇಲೆ ನೇರ ಮಾಡಿದರೆ ಬಾಗಿನಲ್ಲಿದ್ದ ಹೆಚ್ಚುವರಿ ಉದ್ದ ಸಡಿಲಾಗಿಯೇ ಉಳಿಯುತ್ತದೆ. ಹೆಣಿಗೆಯನ್ನೂ ಒಮ್ಮೆ ಕಣ್ಣಾಡಿಸಿ. ಒಂದು ಕ್ರಾಸ್ ಅಕ್ಕಪಕ್ಕದ ಎರಡು ಮೇನ್‌ಗಳ ಮೇಲೇ ಹಾದುಹೋಗಿದ್ದರೆ ಅಲ್ಲಿ ಹಿಡಿತ ಇರುವುದಿಲ್ಲ. ಗಟ್‌ಗಳು ಒಂದು ಮೇಲೆ ಒಂದು ಕೆಳಗೆ ಹೆಣೆದಿರಬೇಕು, ಇಲ್ಲವೇ ಕೂಡುವಲ್ಲಿ ಅಂಟಿಸಿರಬೇಕು ಎಂದು ವಿಶ್ವ ಬ್ಯಾಡ್ಮಿಂಟನ್ ಫೆಡರೇಶನ್ (ಬಿಡಬ್ಲ್ಯುಎಫ್) ನಿಯಮವೇ ಇದೆ.

ಹಾಗೆಂದು ಸರಿಯುವ ಗಟ್ ಎಲ್ಲವೂ ಗಟ್ಟಿಂಗ್ ತಪ್ಪಲ್ಲ. ತೆಳು ಗಟ್ ಹೊಸದರಲ್ಲಿ ಸ್ಲೈಸ್ ಡ್ರಾಪ್‌ಗೆ, ನೆಟ್ ಸ್ಪಿನ್‌ಗೆ ಸರಿಯಲೇಬೇಕು, ಸರಿದು ತಾನಾಗಿ ವಾಪಸ್ ಬರಬೇಕು. ಮೇಲ್ಪದರ ಸವೆದು ಮೇನ್-ಕ್ರಾಸ್ ಕೂಡುವಲ್ಲಿ ಕಚ್ಚು ಬಿದ್ದ ಮೇಲೆ ವಾಪಸ್ ಬರುವುದಿಲ್ಲ. ಆಟಗಾರರು ರ‍್ಯಾಲಿ ಮುಗಿದಾಗ ಉಗುರಿನಲ್ಲಿ ಸರಿ ಮಾಡಿಕೊಳ್ಳುವುದು ಆಗಲೇ. ಕಚ್ಚು ಉಗುರಿಗೆ ಸಿಗುವಷ್ಟು ಆಳ ಇದ್ದರೆ ಹೊಸ ಗಟ್ ಹಾಕಿಸುವ ಹೊತ್ತು ಬಂತು. ಆದರೆ ಒಂದೇ ಮ್ಯಾಚ್ ಆಡಿದ ಗಟ್‌ನಲ್ಲಿ ಕಚ್ಚೇ ಇಲ್ಲದೆ ಮೇನ್‌ಗಳು ಸರಿದ ಜಾಗದಲ್ಲೇ ನಿಂತಿದ್ದರೆ ಕ್ರಾಸ್ ಮೇಲೆ ಅನುಮಾನ ಪಡಬೇಕು. ಅವತ್ತು ನಾನು ಕಚ್ಚಿಗಾಗಿ ನೋಡಲೇ ಇಲ್ಲ. ಐದು ನಿಮಿಷದ ಕೆಲಸ ಅದು.

ಅಂಗಡಿಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ದಿನಕ್ಕೆ ಎಷ್ಟು ರ‍್ಯಾಕೆಟ್ ಇಳಿದವು ಅನ್ನುವುದಷ್ಟೇ ಅವರ ಲೆಕ್ಕ. ಟೂರ್ನಿ ದಿನ ಒಂದಕ್ಕೆ 30 ನಿಮಿಷ ಎಂದು ಬರೆದಿಡುತ್ತಾರೆ, ಕ್ಲ್ಯಾಂಪ್ ತೊಳೆಯಲು ಒಂದು ನಿಮಿಷವನ್ನೂ ಇಡುವುದಿಲ್ಲ. 0.70, 0.65 ಎರಡಕ್ಕೂ ಮೆಷಿನ್ ಒಂದೇ. ಜಾಬ್ ಕಾರ್ಡ್‌ನಲ್ಲಿ ಗಿರಾಕಿಯ ಹೆಸರು, ಪೌಂಡ್ಸ್, ಗಟ್‌ನ ಬಣ್ಣಕ್ಕೆ ಜಾಗ ಇದೆ, ದಪ್ಪಕ್ಕೆ ಇಲ್ಲ. ಈಗ ಕೈಯಲ್ಲೇ ಎರಡು ಸಾಲು ಸೇರಿಸಿದ್ದೇನೆ: ಗಟ್ ದಪ್ಪ, ಫ್ರೇಮ್ ತಲೆಯ ಉದ್ದ, ಮೆಷಿನ್‌ಗೆ ಏರಿಸುವ ಮುಂಚೆ ಮತ್ತು ಇಳಿಸಿದ ಮೇಲೆ. ಆ ಎರಡು ಉದ್ದಗಳ ನಡುವೆ 1 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಆ ರ‍್ಯಾಕೆಟ್ ಕೌಂಟರ್‌ಗೆ ಹೋಗುವುದಿಲ್ಲ.

ಆ ರ‍್ಯಾಕೆಟ್ಟನ್ನು ಅವತ್ತೇ ರಾತ್ರಿ ಮತ್ತೆ ಮೆಷಿನ್‌ಗೆ ಏರಿಸಿದೆ. ಹಲ್ಲು ತೊಳೆದು, ತಿರುಪು ಬಿಗಿ ಮಾಡಿ, ಏರಿಸಿದ್ದ 2 ಪೌಂಡ್ ಇಳಿಸಿ ಮೊದಲಿನ 24-26ಕ್ಕೇ ಹಾಕಿದೆ. ಚುಕ್ಕಿ ಎಲ್ಲೂ ಅಲುಗಲಿಲ್ಲ, ತಲೆಯ ಉದ್ದ ಮೊದಲಿನಷ್ಟೇ ಇತ್ತು. ಗಟ್ಟಿಂಗ್ ದುಡ್ಡು ತೆಗೆದುಕೊಳ್ಳಲಿಲ್ಲ. ವಾರ ಬಿಟ್ಟು ಹುಡುಗ ಗ್ರಿಪ್ ಸುತ್ತಿಸಲು ಬಂದಾಗ ಕೈಗೆ ತೆಗೆದುಕೊಂಡು ಮೇನ್ ತಳ್ಳಿ ನೋಡಿದೆ. ಸರಿದು, ತನ್ನ ಜಾಗಕ್ಕೆ ವಾಪಸ್ ಬಂತು.